ಅಂಗೈ ಕೇಸಿನ ವಾಯಿದೆ

ಕಲ್ಯದ ಕೆಂಪರಾಜುವಿನ ಬಲಗೈ ಎರಡು ವರ್ಷದಿಂದ ಅವನ ಮಾತು ಕೇಳುತ್ತಿರಲಿಲ್ಲ. ಮುರಿದ ಮೂಳೆ ಸೊಟ್ಟಗೆ ಕೂಡಿಕೊಂಡು, ಅಂಗೈ ಸದಾ ಆಕಾಶ ನೋಡುತ್ತಿತ್ತು. ಅದನ್ನು ಮಗುಚಬೇಕೆಂದರೆ ಮೊಣಕೈ, ಭುಜ, ಕತ್ತು ಹೀಗೆ ಇಡೀ ಪರಿವಾರವೇ ಜೊತೆಗೆ ಹೊರಡಬೇಕು. ದೇವಸ್ಥಾನದಲ್ಲಿ ಪೂಜಾರಪ್ಪ ಅವನೊಬ್ಬನಿಗೇ ಮೂರು ಸಲ ತೀರ್ಥ ಕೊಡುತ್ತಿದ್ದರು. ಬಸ್ಸಿನಲ್ಲಿ ಕಂಡಕ್ಟರು ಹಿಂದಿನ ಸೀಟಿನವರ ಚಿಲ್ಲರೆಯನ್ನು ಅದರೊಳಗಿಟ್ಟು ಮುಂದೆ ಹೋಗುತ್ತಿದ್ದ. ಕೊನೆಗೆ ಒಂದು ಮದುವೆಯಲ್ಲಿ, ಎರಡೆಕರೆ ಹಿಪ್ಪುನೇರಳೆ ತೋಟದ ಯಜಮಾನನ ಕೈಗೆ ಯಾರೋ ಅಜ್ಜಿ ಹತ್ತು ರೂಪಾಯಿ ಹಾಕಿ, ಚೆನ್ನಾಗಿರಪ್ಪ ಎಂದು ಹರಸಿ ಹೋದರು. ಅವತ್ತೇ ಅವನು ತೀರ್ಮಾನಿಸಿದ, ಪ್ಲಾಸ್ಟರ್ ಹಾಕಿದ ಸರ್ಕಾರಿ ಆಸ್ಪತ್ರೆಯ ಮೇಲೆ ಕೇಸು ಹಾಕಲೇಬೇಕು.

ಅವನಿಗೆ ಪರಿಹಾರದ ಆಸೆ ಅಷ್ಟಾಗಿ ಇರಲಿಲ್ಲ. ಈ ಕೈ ಹೀಗಾಗಿದ್ದಕ್ಕೆ ಕೆಂಪರಾಜು ಕಾರಣನಲ್ಲ ಎಂದು ಮೊಹರು ಒತ್ತಿದ ಒಂದು ಕಾಗದ ಬೇಕಿತ್ತು. ಅದಕ್ಕೆ ಕಟ್ಟು ಹಾಕಿಸಿ ತೂಗುಹಾಕಲು ನಡುಮನೆಯ ಗೋಡೆಯಲ್ಲಿ ಮೊಳೆಯನ್ನೂ ಹೊಡೆದಿದ್ದ. (ಎಡಗೈಯಲ್ಲಿ ಹೊಡೆದದ್ದರಿಂದ ಗೋಡೆಗೂ ಒಸಿ ಪೆಟ್ಟಾಗಿತ್ತು.)

ಒಳ್ಳೆಯ ದಿನ ನೋಡಿ ಗಂಡಹೆಂಡತಿ ರಾಮನಗರಕ್ಕೆ ಹೊರಟರು. ಒಳ್ಳೆಯ ದಿನವೆಂದರೆ ಪಂಚಾಂಗದ್ದಲ್ಲ. ಮನೆಯ ರೇಷ್ಮೆ ಹುಳು ಅವತ್ತು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹುಳು ತಲೆಯೆತ್ತಿ ಮೈಮರೆತು ಕೂರುವ ಹೊತ್ತಿಗೆ ಜ್ವರವೆನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ. ಹುಳು ಮೇಯಿಸುವ ಮನೆಯವರಿಗೆ ಊರು ಬಿಡಲು ಸಿಗುವ ರಜೆ ಅದೊಂದೇ.

ವಕೀಲರಾದ ತಾಹೇರಾ ಮೇಡಂ ಕೈಯನ್ನು ಹಿಂದೆಮುಂದೆ ನೋಡಿದರು. ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲರಿಗೂ ಎಲ್ಲವೂ ಬಿಟ್ಟಿಯಾದರೆ ಗ್ರಾಹಕರ ಆಯೋಗ ಕೇಸು ಮುಟ್ಟುವುದಿಲ್ಲ, ಆದರೆ ಅಲ್ಲಿ ಕೆಲವರಿಂದ ದುಡ್ಡು ಕಟ್ಟಿಸಿಕೊಳ್ಳುವುದರಿಂದ ವಾದ ಮಾಡಿ ನೋಡಬಹುದು ಎಂದರು. ಆಮೇಲೆ ಕನ್ನಡಕ ತೆಗೆದು, ಏನೇ ಆದರೂ ತಪ್ಪು ನಡೆದ ಎರಡು ವರ್ಷದೊಳಗೆ ದೂರು ಕೊಡಬೇಕು, ತಡವಾದರೆ ತಡವಾದದ್ದಕ್ಕೆ ಬೇರೆ ಕಾರಣ ಹೇಳಿ ಒಪ್ಪಿಸಬೇಕು ಎಂದು ವಿವರಿಸಿದರು.

ಕೆಂಪರಾಜು ಬೆರಗಾಗಿ ಹೋದ. ಒಂದು ದೂರಿಗೆ ಎರಡೇ ವರ್ಷ ಆಯಸ್ಸು ಎಂದು ಬರೆದಿಟ್ಟ ಆ ಮಹಾನುಭಾವರು ಯಾರಿರಬಹುದು? ಅವನ ಮನೆಯಲ್ಲಂತೂ ಅಂಥ ಕಾಯ್ದೆ ಇರಲಿಲ್ಲ. ಮದುವೆಯ ದಿನ ಅವನ ಅವ್ವ ಬೀಗರ ಕಡೆಯವರಿಗೆ ಮೊದಲು ಒಬ್ಬಟ್ಟು ಬಡಿಸಲಿಲ್ಲವೆಂಬ ಕೇಸು ಇಪ್ಪತ್ತೆರಡನೇ ವರ್ಷದಲ್ಲೂ ವಿಚಾರಣೆಯಲ್ಲಿತ್ತು. ಅವನು ಹೆಂಡತಿಯ ಮುಖ ನೋಡಿದ. ಲತಾಮಣಿ ಕಾನೂನನ್ನು ಗಮನವಿಟ್ಟು ಕೇಳುತ್ತಿದ್ದಳು.

ಪ್ಲಾಸ್ಟರ್ ಹಾಕಿದ್ದು ಯಾವ ತಾರೀಖು ಎಂದು ಮೇಡಂ ಕೇಳಿದರು. ಕೆಂಪರಾಜು ತಲೆ ಕೆರೆದುಕೊಂಡ. ದೀಪಾವಳಿ ಆದಮೇಲೆ, ಸ್ವಲ್ಪ ಚಳಿ ಇತ್ತು, ಅವರೆಕಾಯಿ ಇನ್ನೂ ಬಂದಿರಲಿಲ್ಲ. ಆಸ್ಪತ್ರೆ ಚೀಟಿ? ಅದನ್ನು ಅವನು ಬಹಳ ಜೋಪಾನವಾಗಿ ಹಳೇ ಪೇಪರುಗಳ ನಡುವೆ ಇಟ್ಟಿದ್ದ. ಆ ಪೇಪರುಗಳನ್ನು ತಟ್ಟೆಗೆ ಹಾಸಿ ಮರಿಹುಳು ಬಿಟ್ಟವನೂ ಅವನೇ. ವಾಯಿದೆ ಮುಗಿದಿದೆಯೋ ಇಲ್ಲವೋ ಗೊತ್ತಾಗದೆ ಏನು ಬರೆಯಲಿ ಎಂದು ಮೇಡಂ ಪೆನ್ನು ಕೆಳಗಿಟ್ಟರು. ಗೋಡೆಯ ಮೊಳೆ ಖಾಲಿ ಉಳಿಯುವುದು ಕೆಂಪರಾಜುವಿನ ಕಣ್ಣಿಗೆ ಕಟ್ಟಿತು.

ಆಗ ಲತಾಮಣಿ ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳು ಆಡಿಸತೊಡಗಿದಳು.

"ಇವ್ರು ಬಿದ್ದಾಗಿನ ಹುಳದ ಬೆಳೆಯಿಂದ ಎಣಿಸಿದ್ರೆ ಈಗ ಮನೇಲಿರೋದು ಹದಿನೇಳನೇ ಬೆಳೆ ಮೇಡಂ. ಹತ್ತನೇದು ಸುಣ್ಣಕಟ್ಟು ರೋಗ ಬಂದು ಪೂರಾ ತಿಪ್ಪೆಗೋಯ್ತು. ಆರನೇದು ಎರಡನೇ ಜ್ವರದಿಂದ ಎದ್ದ ದಿನ ನಮ್ಮ ತಂಗಿಗೆ ಹೆರಿಗೆ ಆಯ್ತು. ಮೊದಲ್ನೇದು ಮರಿಹುಳು ತರೋವಾಗ್ಲೇ ಇವ್ರು ಗಾಡಿಯಿಂದ ಬಿದ್ದಿದ್ದು. ಹುಳಕ್ಕೇನೂ ಆಗ್ಲಿಲ್ಲ. ಅವತ್ತೇ ಪ್ಲಾಸ್ಟರ್ ಹಾಕಿದ್ದು, ನವೆಂಬರ್ ಇಪ್ಪತ್ತೊಂದು."

ಹೇಳಿ, ಸೊಂಟದ ಚೀಲದಿಂದ ನಾಲ್ಕಾಗಿ ಮಡಿಸಿದ ಚೀಟಿ ತೆಗೆದಳು. ಮರಿಹುಳು ಮಾರಿದವರು ಕೊಟ್ಟ ಚೀಟಿ. ಅದರಲ್ಲೂ ನವೆಂಬರ್ ಇಪ್ಪತ್ತೊಂದೇ ಇತ್ತು. ತಾಹೇರಾ ಮೇಡಂ ಚೀಟಿ ನೋಡಿದರು, ಲತಾಮಣಿಯನ್ನು ನೋಡಿದರು, ಕೊನೆಗೆ ಗೋಡೆಯ ಕ್ಯಾಲೆಂಡರು ನೋಡಿದರು.

"ಇವತ್ತೇ ಇಪ್ಪತ್ತೊಂದು. ಎರಡು ವರ್ಷಕ್ಕೆ ಇವತ್ತೇ ಕೊನೇ ದಿನ" ಎಂದರು. ಹದಿನೆಂಟು ವರ್ಷದ ವಕೀಲಿಯಲ್ಲಿ ಇಂಥ ಜ್ಞಾಪಕಶಕ್ತಿ ನೋಡಿಲ್ಲವೆನ್ನುತ್ತ ಕಂಪ್ಯೂಟರ್ ಎಳೆದುಕೊಂಡರು.

ಕೆಂಪರಾಜುವಿನ ಎದೆ ಉಬ್ಬಿತು. ಹಳೇ ಜಗಳಗಳಿಗಷ್ಟೇ ಬಳಕೆಯಾಗುತ್ತಿದ್ದ ಈ ಅಸ್ತ್ರ ಇಂದು ತನ್ನ ಕಡೆ ನಿಂತು ಯುದ್ಧ ಮಾಡುತ್ತಿದೆ! ಅವನ ಅಂಗೈ ಮೊದಲ ಸಲ ಸರಿಯಾದ ಕಾರಣಕ್ಕೆ ಆಕಾಶ ನೋಡಿತು. ಇನ್ನೇನು ಬೇಕಾದರೂ ಕೇಳಿ ಮೇಡಂ, ನಮ್ಮವಳ ಬಾಯಲ್ಲಿ ಒಂದು ದಿನ ಹೆಚ್ಚುಕಮ್ಮಿ ಆಗುವುದಿಲ್ಲ ಎಂದು ಆಜ್ಞಾಪಿಸುವವನ ಹಾಗೆ ಹೇಳಿದ.

ಮೇಡಂ ಟೈಪು ಮಾಡುತ್ತಲೇ, ಪ್ಲಾಸ್ಟರ್ ಯಾವಾಗ ಬಿಚ್ಚಿದರು ಎಂದು ಕೇಳಿದರು. ಆರು ವಾರಕ್ಕೆ ಎಂದು ಕೆಂಪರಾಜು ಅಂದ. ತಾರೀಖು ಬೇಕಲ್ಲ ಎಂದರು ಮೇಡಂ.

"ನೀ ಹೇಳಮ್ಮಿ" ಎಂದ ಕೆಂಪರಾಜು.

ಲತಾಮಣಿ ಸೆರಗಿನ ತುದಿ ತಿರುವುತ್ತ ಕೂತಳು. ಕೆಂಪರಾಜು ಮೊಣಕೈಯಲ್ಲಿ ತಿವಿದು ಎರಡನೇ ಸಲ ಹೇಳಿದ.

"ಹತ್ತೊಂಬತ್ತನೇ ದಿನಕ್ಕೆ" ಎಂದಳು ಲತಾಮಣಿ ನಿಧಾನವಾಗಿ. "ಹುಳು ಹಣ್ಣಾಗಿದ್ವು. ನಾನೊಬ್ಳೇ ಗೂಡು ಕಟ್ಟೋ ಬಿದಿರು ಚಂದ್ರಿಕೆಗೆ ಬಿಡ್ತಿದ್ದೆ. ಇವ್ರು ತೋಟಕ್ಕೋಗಿ ಸೊಪ್ಪು ಕುಯ್ಯೋ ಕುಡುಗೋಲಲ್ಲಿ ಪ್ಲಾಸ್ಟರ್ ಕುಯ್ಕಂಡ್ ಬಂದ್ರು. ಬಂದು ನನ್ನ ಜೊತೆ ಸಂಜೆಗಂಟ ಚಂದ್ರಿಕೆ ಹೊತ್ರು."

ಟೈಪಿನ ಸದ್ದು ನಿಂತಿತು. ಕೆಂಪರಾಜುವಿಗೆ ಕೂತ ಕುರ್ಚಿಯೇ ಕೆಳಗಿಳಿದ ಹಾಗಾಯಿತು. ಡಾಕ್ಟರೇ ಕರೆದು ಬಿಚ್ಚಿದರು ಎಂದು ಅವನು ಅವತ್ತು ಹೆಂಡತಿಗೆ ಹೇಳಿದ್ದ ಸುಳ್ಳು ಎರಡು ವರ್ಷದಲ್ಲಿ ಎಷ್ಟು ಹದವಾಗಿ ಕೂಡಿಕೊಂಡಿತ್ತೆಂದರೆ, ಅವನೇ ಅದನ್ನು ನಂಬಿಬಿಟ್ಟಿದ್ದ.

ತಾಹೇರಾ ಮೇಡಂ ಕಂಪ್ಯೂಟರನ್ನು ಪಕ್ಕಕ್ಕೆ ಸರಿಸಿದರು. "ಕೆಂಪರಾಜು ಅವರೇ, ನಿಮ್ಮ ಸಾಕ್ಷಿ ಬಹಳ ಗಟ್ಟಿ. ಆದರೆ ಅವರು ಆಸ್ಪತ್ರೆ ಕಡೆ ಸಾಕ್ಷಿ" ಎಂದರು. ಫೀಸು ತೆಗೆದುಕೊಳ್ಳಲಿಲ್ಲ. ಬಾಗಿಲವರೆಗೂ ಬಂದು ಲತಾಮಣಿಗೆ ಕೈಮುಗಿದರು.

ಬಸ್‌ಸ್ಟ್ಯಾಂಡಿನಲ್ಲಿ ಲತಾಮಣಿ ಬೇಯಿಸಿದ ಕಡ್ಲೆಕಾಯಿ ಕೊಂಡು, ಇಡಲು ಬೇರೆ ಜಾಗವಿಲ್ಲದೆ ಗಂಡನ ಅಂಗೈಗೇ ಸುರಿದುಕೊಂಡು ಸುಲಿಯತೊಡಗಿದಳು. ಒಂದು ತನಗೆ, ಒಂದು ಅವನ ಬಾಯಿಗೆ.

"ನಿಂಗೆ ಯಾವಾಗ ಗೊತ್ತಾಯ್ತು?" ಎಂದು ಅವನು ಕೇಳಿದ.

"ಅವತ್ತೇ. ತೋಟದ ಬದೀಲಿ ಪ್ಲಾಸ್ಟರ್ ತುಂಡು ಬಿದ್ದಿದ್ವು. ಒಬ್ಳೇ ಸಾಯ್ತಾವ್ಳೆ ಅಂತ ಕುಯ್ಕಂಡ್ರಿ ಅಂತ ತಿಳೀತು. ಅದ್ಕೇ ಸುಮ್ಕಿದ್ದೆ."

ಇಪ್ಪತ್ತೆರಡು ವರ್ಷದಲ್ಲಿ ಇವಳು ಮರೆಯದೆಯೂ ಮನ್ನಿಸಿದ್ದು ಇದೊಂದೇ ಇರಬೇಕು. ಈ ಹೆಂಗಸು ತನಗೆ ಸಿಕ್ಕಿದ್ದೇ ಒಂದು ಪವಾಡ ಎಂದು ಕೆಂಪರಾಜುವಿಗೆ ಅನ್ನಿಸಿತು. ಹಾಗೆಂದು ಹೇಳಿಯೂ ಬಿಡೋಣವೆಂದು ಬಾಯಿ ತೆರೆದ. ಅವಳು ಅದಕ್ಕೊಂದು ಕಾಳು ಹಾಕಿದಳು.

"ಆದ್ರೆ ಡಾಕ್ಟ್ರೇ ಬಿಚ್ಚಿದ್ರು ಅಂತ ನಂಗೆ ಸುಳ್ಳು ಹೇಳಿದ್ದು ಡಿಸೆಂಬರ್ ಹತ್ತಕ್ಕೆ" ಎಂದಳು. "ಎರಡು ವರ್ಷ ತುಂಬಕ್ಕೆ ಇನ್ನೂ ಹತ್ತೊಂಬತ್ತು ದಿನ ಐತೆ. ಆ ಕೇಸು ವಾಯಿದೆ ಒಳಗೇ ಐತೆ."

ಬಸ್ಸು ಬಂತು. ಕೆಂಪರಾಜು ಒಂದು ಕಾಳೂ ಚೆಲ್ಲದ ಹಾಗೆ ಕೈ ಹಿಡಿದುಕೊಂಡು ಅವಳ ಹಿಂದೆ ಹತ್ತಿದ.