ಏಳು ವಾರದ ಸಂಸಾರ, ಎಂಟು ವಾರದ ಮಗು

ಒಂದು ಕಿಲೋ ಲಾಡು ಕೊಳ್ಳಲು ಹೋಗಿ ಎಲಿಯಾಸ್ ಸಿಕ್ಕಿಬಿದ್ದ. ಬೇರೆ ಯಾರಾದರೂ ಆಗಿದ್ದರೆ ಲಾಡು ಕಟ್ಟಿಸಿಕೊಂಡು, ಬಾಯಿ ಮುಚ್ಚಿಕೊಂಡು ಮನೆ ಸೇರುತ್ತಿದ್ದರು. ಆದರೆ ಮದುವೆಯಾಗಿ ನಾಲ್ಕು ವರ್ಷವಾದರೂ ಹೆಂಡತಿ ಸೌದಿಗೆ ಬರುವ ತನಕ ಅವಳ ಮುಖವನ್ನು ಬರೀ ಎರಡು ರಜೆಯಲ್ಲಿ ನೋಡಿದವನು ಅವನು. ಅವಳು ಈಗ ಬಸುರಿ ಎಂದು ತಿಳಿದ ದಿನ ಅವನ ಬಾಯಿ ಮುಚ್ಚೀತು ಹೇಗೆ?

ತೊಂಬತ್ತನಾಲ್ಕನೇ ಇಸವಿಯ ಒಂದು ಗುರುವಾರ. ಸೌದಿಯ ರಾಸ್ ತನೂರಾದಲ್ಲಿ ಅರ್ಧ ದಿನದ ಕೆಲಸ. ಎಲಿಯಾಸ್ ಆ ಅರ್ಧಕ್ಕೂ ಪರ್ಮಿಶನ್ ಹಾಕಿ, ಹೆಂಡತಿ ಕಾನ್ಸೆಪ್ಟಾಳನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದ. ಉಳ್ಳಾಲದ ಕಡೆಯ ಡಾಕ್ಟರ್ ಸಫಿಯತ್ ಸ್ಕ್ಯಾನ್ ಮಾಡಿ, "ಎಂಟು ವಾರ. ಎಲ್ಲ ಸರಿ ಉಂಟು. ನೆಕ್ಸ್ಟ್!" ಎಂದಿದ್ದರು. ಹೆಂಡತಿಯನ್ನು ಫ್ಲಾಟಿನಲ್ಲಿ ಬಿಟ್ಟವನೇ ಎಲಿಯಾಸ್ ಗುಲಾಮ್ ಮುಹಮ್ಮದರ ಅಂಗಡಿಗೆ ಓಡಿದ.

"ಗುಲಾಮ್ ಭಾಯ್, ಲಾಡು ಕಟ್ಟಿ! ನಾನು ಅಪ್ಪ ಆಗ್ತಾ ಇದ್ದೇನೆ. ಎಂಟು ವಾರ!"

"ಮಾಶಾಅಲ್ಲಾ!" ಭಟ್ಕಳದ ಗುಲಾಮ್ ಮುಹಮ್ಮದ್ ಗಲ್ಲಾ ಬಿಟ್ಟು ಬಂದು ಅವನನ್ನು ಅಪ್ಪಿಕೊಂಡರು. ಅಪ್ಪಿಕೊಂಡಲ್ಲೇ ಅವರ ಬೆರಳುಗಳು ಎಲಿಯಾಸನ ಬೆನ್ನ ಮೇಲೆ ಏನೋ ಎಣಿಸತೊಡಗಿದವು. "ಅಲ್ಲ ಎಲಿಯಾಸ್ ಭಾಯ್, ಭಾಬಿಯನ್ನು ಧಹ್ರಾನ್ ಏರ್‌ಪೋರ್ಟಿಂದ ನನ್ನ ಪಿಕಪ್ಪಲ್ಲೇ ತಂದದ್ದಲ್ವಾ? ಅವತ್ತೇ ಅಂಗಡಿಗೆ ಈ ಫ್ರಿಜ್ ಬಂದದ್ದು. ಫ್ರಿಜ್ಜಿಗೆ ಇವತ್ತಿಗೆ ಏಳು ವಾರ."

ಎಲಿಯಾಸ್ ಮೆಲ್ಲಗೆ ಅಪ್ಪುಗೆ ಬಿಡಿಸಿಕೊಂಡ. ಅವನು ಕಂಪನಿಯ ಸ್ಟೋರ್ ಕೀಪರ್. ಗೇಟಿನೊಳಗೆ ಬರುವ ಮೊದಲೇ ಯಾವ ಮಾಲೂ ಸ್ಟಾಕಿಗೆ ಸೇರುವುದಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾನ್ಸೆಪ್ಟಾಳ ಮೇಲೆ ಅವನಿಗೆ ಸಾಸಿವೆಯಷ್ಟೂ ಅನುಮಾನವಿರಲಿಲ್ಲ. ಅವನಿಗಿದ್ದದ್ದು ಗುಲಾಮ್ ಮುಹಮ್ಮದರ ನಾಲಗೆಯ ಹೆದರಿಕೆ. ಸಂಜೆಯೊಳಗೆ ಅವಳ ಹೆಸರು ಊರೆಲ್ಲರ ಬಾಯಲ್ಲಿ ಬಿದ್ದರೆ? ಪಾಪ, ಸಂಸಾರ ಮಾಡೋಣವೆಂದು ಸಮುದ್ರ ದಾಟಿ ಬಂದವಳು.

"ಅದು... ಅವಳು ಬರುವ ಮೊದಲು ನಾನು ಒಮ್ಮೆ ಊರಿಗೆ ಹೋಗಿದ್ದೆ," ಎಂದುಬಿಟ್ಟ. "ಗುಟ್ಟಲ್ಲಿ. ಗುರುವಾರ ಹೋಗಿ ಶುಕ್ರವಾರ ವಾಪಸ್."

"ಎಂತ? ಪಾಸ್‌ಪೋರ್ಟ್ ಕಂಪನಿಯ ಕಪಾಟಲ್ಲಿ ಉಂಟಲ್ಲ ಮಾರಾಯ್ರೆ!"

"ಒಬ್ಬ ಏಜೆಂಟ್ ಇದ್ದಾನೆ. ಪಾಸ್‌ಪೋರ್ಟ್ ಇಲ್ಲದೆ ಮಾಡಿಕೊಡ್ತಾನೆ. ಯಾರಿಗೂ ಹೇಳ್ಬೇಡಿ."

ಆ ಕೊನೆಯ ಮಾತನ್ನು ಆಡಬಾರದಿತ್ತು. ಮಧ್ಯಾಹ್ನದ ಊಟಕ್ಕೆ ಕೂರುವಷ್ಟರಲ್ಲಿ ಆ ಏಜೆಂಟನ್ನು ಕೇಳಿಕೊಂಡು ಬಂದವರು ಅವನ ಫ್ಲಾಟಿನ ಮೆಟ್ಟಿಲ ತುಂಬ. ವೆಲ್ಡರ್ ಡೆಲ್ವಿನನಿಗೆ ಹುಡುಗಿ ನೋಡಿ ಬರಬೇಕಿತ್ತು. ಇನ್ನೊಬ್ಬನಿಗೆ ಅಮ್ಮನ ಕೈಯ ಬಂಗುಡೆ ಸಾರು ಉಣ್ಣಬೇಕಿತ್ತು. ಮೆಸ್ಸಿನ ಅಡುಗೆಯವ ಕೋಯನ ಅರ್ಜಿ ಎಲ್ಲಕ್ಕಿಂತ ಸಣ್ಣದು.

"ನನ್ನ ತೆಂಗಿನಕಾಯಿ ಕದಿಯುವ ನೆರೆಮನೆಯವನಿಗೆ ಎರಡು ಬಾರಿಸಿ ಬರ್ಬೇಕು ಎಲಿಯಾಸ್ ಭಾಯ್. ಅಷ್ಟೇ. ಊಟಕ್ಕೂ ನಿಲ್ಲೂದಿಲ್ಲ."

ಗಲಾಟೆಗೆ ಕಾನ್ಸೆಪ್ಟಾ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಎಂತ ಇದು?"

"ಕಾನ್ಸೆಪ್ಟಕ್ಕಾ, ನೀವೊಂದು ಮಾತು ಹೇಳಿ," ಡೆಲ್ವಿನ್ ಕೈಮುಗಿದ. "ನೀವು ಬರುವ ಮೊದಲು ಇವರು ಗುಟ್ಟಲ್ಲಿ ಊರಿಗೆ ಹೋಗಿ ಬಂದರಲ್ಲ, ಆ ಏಜೆಂಟಿನ ನಂಬರ್ ಕೊಡ್ತಾ ಇಲ್ಲ."

ಕಾನ್ಸೆಪ್ಟಾ ಗಂಡನ ಕಡೆ ತಿರುಗಿದಳು. "ಊರಿಗೆ ಬಂದಿದ್ರಾ? ನಾನು ಅಲ್ಲೇ ಇದ್ದೆ ಅಲ್ಲ, ನಿಮ್ಮ ಅಮ್ಮನ ಕಾಲು ಒತ್ತಿಕೊಂಡು! ಮನೆಗೆ ಯಾಕೆ ಬರ್ಲಿಲ್ಲ? ಯಾರ ಮನೆಯಲ್ಲಿ ಉಳ್ಕೊಂಡಿದ್ರಿ?"

ಎಲಿಯಾಸ್ ಕಣ್ಣು ಮಿಟುಕಿಸಿದ, ಹುಬ್ಬು ಹಾರಿಸಿದ, ತುಟಿಯ ಮೇಲೆ ಬೆರಳಿಟ್ಟ.

"ಮಂಗನ ಹಾಗೆ ಎಂತ ಮಾಡ್ತೀರಿ? ದೇವರಾಣೆ, ಇವರು ನನ್ನ ಹತ್ರ ಬರ್ಲೇ ಇಲ್ಲ!"

ಮೆಟ್ಟಿಲ ಮೇಲೆ ನಿಂತಿದ್ದ ಒಬ್ಬೊಬ್ಬರ ಬೆರಳೂ ಮೆಲ್ಲಗೆ ಎಣಿಸತೊಡಗಿತು. ಎಲಿಯಾಸನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನೆಲ ಬಾಯಿ ಬಿಡಲಿಲ್ಲ, ಅದರ ಬದಲು ಉಗ್ಗಪ್ಪನವರು ಬಂದರು. ಕೊಡಗಿನವರು, ಮಿಲಿಟರಿಯಲ್ಲಿದ್ದು ಬಂದ ಸೂಪರ್‌ವೈಸರ್. ಪಾಸ್‌ಪೋರ್ಟ್ ಕಪಾಟಿನ ಬೀಗದ ಕೈ ಇರುವುದು ಅವರ ಬಳಿ. ಎಲಿಯಾಸನ ಪಾಸ್‌ಪೋರ್ಟನ್ನು ಅವನ ಮೂಗಿನ ಮುಂದೆ ಹಿಡಿದರು.

"ಇದರಲ್ಲಿ ಈಚೆಗಿನ ಒಂದು ಸೀಲೂ ಇಲ್ಲ. ಸಮುದ್ರ ಈಜಿಕೊಂಡು ಹೋದೆಯಾ? ವೀಸಾ ಕೊಟ್ಟ ಕಫೀಲಿಗೆ ಗೊತ್ತಾದರೆ ನಿನ್ನ ಜೊತೆ ನನ್ನ ಇಕಾಮಾನೂ ಹೋಗ್ತದೆ, ಇಬ್ಬರೂ ಊರಿಗೆ ಗಂಟುಮೂಟೆ. ನಿಜ ಹೇಳು!"

"ಹೋಗಿಲ್ಲ ಸರ್. ಸುಳ್ಳು ಹೇಳಿದೆ."

"ಯಾಕೆ?"

ಸಹಾಯ ಮಾಡಲು ಗುಲಾಮ್ ಮುಹಮ್ಮದ್ ಮುಂದೆ ಬಂದರು. "ಡಾಕ್ಟ್ರು ಹೇಳಿದ್ದು ಎಂಟು ವಾರ ಸರ್. ಭಾಬಿ ಬಂದು ಏಳು."

ಕಾನ್ಸೆಪ್ಟಾಳಿಗೆ ಆಗ ಅರ್ಥವಾಯಿತು. ಅವಳ ಕಣ್ಣು ತುಂಬಿತು, ಮರುಗಳಿಗೆಯಲ್ಲೇ ಕೆಂಪಾಯಿತು. "ನನ್ನ ಮೇಲೆ ಡೌಟಾ?"

"ನಿನ್ನ ಮೇಲಲ್ಲ ಮಾರಾಯ್ತಿ, ಇವರ ನಾಲಗೆಯ ಮೇಲೆ!" ಎಲಿಯಾಸ್ ಮೆಟ್ಟಿಲ ಕಡೆ ಕೈ ತೋರಿಸಿದ.

"ಹಾಗಾದ್ರೆ ನಡೀರಿ ಡಾಕ್ಟರ ಹತ್ರ. ಎಣಿಸಿದವರೆಲ್ಲ ಬನ್ನಿ! ಒಬ್ಬರೂ ತಪ್ಪಿಸ್ಕೊಳ್ಬಾರ್ದು!"

ಸೌಟು ಇನ್ನೂ ಕೈಯಲ್ಲಿತ್ತು, ಹಾಗಾಗಿ ಯಾರೂ ತಪ್ಪಿಸಿಕೊಳ್ಳಲಿಲ್ಲ. ಗುಲಾಮ್ ಮುಹಮ್ಮದರ ಪಿಕಪ್ಪಿನ ಹಿಂದೆ ಕುರಿಗಳ ಹಾಗೆ ಒತ್ತಿಕೊಂಡು ಎಲ್ಲರೂ ಕ್ಲಿನಿಕ್ಕಿಗೆ ಹೋದರು. ಗದ್ದಲ ಕೇಳಿ ಡಾಕ್ಟರ್ ಸಫಿಯತ್ ಕೌಂಟರಿಗೇ ಬಂದರು.

"ಹೇಳಿ ಡಾಕ್ಟ್ರೇ, ಎಲ್ಲರ ಎದುರೇ ಹೇಳಿ," ಕಾನ್ಸೆಪ್ಟಾ ಪಟ್ಟು ಹಿಡಿದಳು. "ನಾನು ಬಂದು ಏಳು ವಾರ. ಇದು ಎಂಟು ಹೇಗಾಯ್ತು?"

ಡಾಕ್ಟರು ಹಣೆ ಚಚ್ಚಿಕೊಂಡರು. "ಇಷ್ಟಕ್ಕೆ ಇಷ್ಟು ಜನವಾ! ನಾವು ವಾರ ಎಣಿಸುವುದು ಕೊನೆಯ ಸಲ ಮುಟ್ಟಾದ ದಿನದಿಂದ. ಅಂಡ ಹೊರಗೆ ಬರುವುದು ಅದಾಗಿ ಸುಮಾರು ಎರಡು ವಾರಕ್ಕೆ. ಅದು ಬದುಕಿರುವುದೂ ಒಂದೇ ದಿನ. ಗರ್ಭ ಕಟ್ಟುವುದು ಆಗಲೇ. ಎಂಟು ವಾರದಲ್ಲಿ ಮೊದಲ ಎರಡು ವಾರ ಹೊಟ್ಟೆಯಲ್ಲಿ ಮಗುವೇ ಇರ್ಲಿಲ್ಲ!"

"ಹುಟ್ಟುವ ಮೊದಲೇ ಎರಡು ವಾರ ಸರ್ವಿಸ್ ಜಾಸ್ತಿಯಾ?" ಕೋಯನಿಗೆ ಹೊಟ್ಟೆಯುರಿಯಿತು. "ನಮ್ಮ ಕಂಪನಿಯಲ್ಲಿ ದುಡಿದವರಿಗೇ ಕೊಡೂದಿಲ್ಲ!"

"ಹಾಗಾದ್ರೆ ಮಗುವಿಗೆ ಆರೇ ವಾರ! ಫ್ರಿಜ್ಜಿಗಿಂತ ಸಣ್ಣದು!" ಗುಲಾಮ್ ಮುಹಮ್ಮದ್ ಎಲಿಯಾಸನನ್ನು ಮತ್ತೆ ತಬ್ಬಿಕೊಂಡರು. ಕಾನ್ಸೆಪ್ಟಾ ಕಣ್ಣೊರೆಸಿಕೊಂಡು ನಕ್ಕಳು. ಎಲಿಯಾಸನಿಗೆ ಕುಣಿದುಬಿಡೋಣ ಎನ್ನುವಷ್ಟು ಖುಷಿ.

ಉಗ್ಗಪ್ಪನವರು ಮಾತ್ರ ನಗಲಿಲ್ಲ. "ಡಾಕ್ಟ್ರೇ, ಹಾಗಾದ್ರೆ ಗರ್ಭ ಕಟ್ಟಿದ್ದು ಯಾವ ವಾರ?"

ಡಾಕ್ಟರು ಗೋಡೆಯ ಕ್ಯಾಲೆಂಡರಿನ ಹಿಂದಿನ ಹಾಳೆ ತಿರುಗಿಸಿ, ಒಂದು ಸಾಲಿನ ಮೇಲೆ ಬೆರಳೆಳೆದರು. "ಹೆಚ್ಚುಕಮ್ಮಿ ಇದು."

ಉಗ್ಗಪ್ಪನವರು ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿದರು. "ಆ ವಾರ ಇವನ ಸ್ಟೋರಿನಲ್ಲಿ ಬೋಲ್ಟ್ ಎಣಿಸಿದ್ದು ನಾನು. ಇವನಿಗೆ ಬೆನ್ನು ಹಿಡಿದುಕೊಂಡಿತ್ತು ಅಂತ ರಜೆ. ಕಿತ್ತಳೆ ಹಣ್ಣು ತಗೊಂಡು ನೋಡ್ಲಿಕ್ಕೆ ಹೋದರೆ, ಮಗ್ಗುಲು ಬದಲಿಸ್ಲಿಕ್ಕೂ ಆಗೂದಿಲ್ಲ ಸರ್ ಅಂತ ನರಳ್ತಾ ಇದ್ದ. ಇಡೀ ವಾರ."

ಎಲ್ಲರೂ ಎಲಿಯಾಸನ ಬೆನ್ನು ನೋಡಿದರು. ಆಮೇಲೆ ಕಾನ್ಸೆಪ್ಟಾಳ ಮುಖ ನೋಡಿದರು. ಅವಳು ನೆಲದ ಟೈಲ್ಸ್ ನೋಡತೊಡಗಿದಳು. ಬೆನ್ನು ನಿಜವಾಗಿ ಹಿಡಿದಿತ್ತೆಂದರೆ ಹೆಂಡತಿಯ ಮಾನ ಹೋಗುತ್ತದೆ. ಹಿಡಿದಿರಲಿಲ್ಲವೆಂದರೆ ಇವನ ಕೆಲಸ ಹೋಗುತ್ತದೆ. ಎಲಿಯಾಸ್ ಒಮ್ಮೆ ಶಿಲುಬೆಯ ಗುರುತು ಮಾಡಿಕೊಂಡ.

"ಬೆನ್ನಿಗೆ ಏನೂ ಆಗಿರ್ಲಿಲ್ಲ ಸರ್!" ಇಡೀ ಕ್ಲಿನಿಕ್ಕಿಗೆ ಕೇಳುವಂತೆ ಕೂಗಿದ. "ಸುಳ್ಳು! ಏಳೂ ದಿನ ಸುಳ್ಳು! ನನ್ನಷ್ಟು ಗಟ್ಟಿ ಬೆನ್ನು ಈ ಕಂಪನಿಯಲ್ಲೇ ಇಲ್ಲ!"

ಡೆಲ್ವಿನ್ ಚಪ್ಪಾಳೆ ಹೊಡೆದ. ಕಾನ್ಸೆಪ್ಟಾ ನಾಚಿಕೆ ಬಿಟ್ಟು ಗಂಡನ ತೋಳು ಹಿಡಿದುಕೊಂಡಳು. ಇಂಥ ಗಂಡ ಯಾರಿಗುಂಟು ಎಂಬ ಹೆಮ್ಮೆ ಅವಳ ಮುಖದ ತುಂಬ ಇತ್ತು.

ಉಗ್ಗಪ್ಪನವರೂ ಅವನ ಕೈ ಕುಲುಕಿದರು. "ಕಂಗ್ರಾಜುಲೇಶನ್ಸ್. ಅಂಥ ಬೆನ್ನೇ ಹುಡುಕ್ತಾ ಇದ್ದೆ. ರಾಬಿಗ್ ಸೈಟಿನ ಸ್ಟೋರಿಗೆ ಜನ ಇಲ್ಲ. ಶನಿವಾರ ಬೆಳಿಗ್ಗೆ ಬಸ್ಸು. ಹೆರಿಗೆಗೆ ಬಿಡ್ತೇನೆ, ಹೆದರ್ಬೇಡ."

"ರಾಬಿಗ್ ಎಷ್ಟು ದೂರ?" ಕಾನ್ಸೆಪ್ಟಾ ಕೇಳಿದಳು.

"ದೇಶದ ಆಚೆ ಕಡೆಯ ಸಮುದ್ರದ ಹತ್ರ," ಎಂದರು ಗುಲಾಮ್ ಮುಹಮ್ಮದ್. "ಮಂಗಳೂರಿಗೆ ಹೋಗುವುದೇ ಸುಲಭ."

ಕಾನ್ಸೆಪ್ಟಾಳ ಹಿಡಿತ ಸಡಿಲವಾಯಿತು. ಎಲಿಯಾಸ್ ಎರಡೂ ಕೈಯಿಂದ ಸೊಂಟ ಹಿಡಿದು, ಗೋಡೆಗೊರಗಿ, ಮೆಲ್ಲಗೆ ಕುಸಿದು ಕೂತ. "ಅಮ್ಮಾ! ಸರ್, ಬೆನ್ನು..."

ಈ ಸಲ ನೋವು ನಿಜವಾಗಿತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.