ಕಂಪನಿ ಕೊಟ್ಟ ಮನೆ

"ಮೂರು ಕೋಣೆ ಸಾರ್, ಜೊತೆಗೆ ಬಾಲ್ಕನಿ," ಎಂದಳು ಹೆಂಡತಿ, ಆಡಿಟರ ಮೇಜಿನ ಮೇಲೆ ಮೊಣಕೈ ಊರಿ.

ಗಂಡ: ಸುಮ್ನಿರೇ. ಅವರು ಕೇಳಿದ್ದು ನನ್ನನ್ನ.

ಹೆಂಡತಿ: ನಿಮಗೆ ಹೇಳ್ಕೊಳ್ಳೋಕೆ ಸಂಕೋಚ. ಅದಕ್ಕೇ ನಾನು ಹೇಳ್ತಿದೀನಿ.

ಆಡಿಟರು ಬರೆದುಕೊಂಡರು. ಪರದೇಶದಲ್ಲಿ ಕ್ರೇನ್ ನಡೆಸುವ ಗಂಡನಿಗೆ ಹತ್ತು ಮಹಡಿ ಎತ್ತರದಲ್ಲೂ ಬಾರದ ತಲೆಸುತ್ತು ಈ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಂತು.

ಗಂಡ: ದುಡಿದಿದ್ದು ಅಲ್ಲಿ. ಇಲ್ಲಿ ಯಾಕೆ ಸಾರ್ ತೆರಿಗೆ?

ಆಡಿಟರ್: ಕಾಲು ಮುರ್ಕೊಂಡು ಏಳು ತಿಂಗಳು ಇಲ್ಲೇ ಮಲಗಿದ್ರಲ್ಲ. ಅಷ್ಟು ದಿನ ಇಲ್ಲಿದ್ರೆ ಅಲ್ಲಿಯ ಸಂಪಾದನೆಗೂ ಇಲ್ಲಿ ಕಟ್ಟಬೇಕು. ಸಂಬಳಕ್ಕಷ್ಟೇ ಅಲ್ಲ, ಕಂಪನಿ ಬಿಟ್ಟಿ ಕೊಟ್ಟ ಸೌಲಭ್ಯಕ್ಕೂ. ಮನೆ ದೊಡ್ಡದಾದಷ್ಟೂ ತೆರಿಗೆ ದೊಡ್ಡದು.

ಹೆಂಡತಿ: ಅಡುಗೆಯವನೂ ಇದ್ದಾನೆ. ಓಡಾಡೋಕೆ ಕಾರು, ಡ್ರೈವರು.

ಗಂಡ: ಕಾರಲ್ಲ, ಬಸ್ಸು.

ಹೆಂಡತಿ: ಕಾರು ಅಂದಿದ್ರಲ್ಲ?

ಗಂಡ: ದೊಡ್ಡ ಕಾರು. ಅರವತ್ತು ಜನ ಕೂರ್ತೀವಿ.

ಆಡಿಟರು ಕಾರನ್ನು ಹೊಡೆದುಹಾಕಿದರು. ಅದರಿಂದ ಎಷ್ಟು ಉಳಿಯಿತೆಂದು ತಿಳಿದ ಮೇಲೆ ಗಂಡನಿಗೆ ಧೈರ್ಯ ಬಂತು.

ಗಂಡ: ಅಡುಗೆಯವನನ್ನೂ ಹೊಡೆದುಹಾಕಿ. ಅವನು ಮುನ್ನೂರು ಜನಕ್ಕೆ ಬೇಯಿಸ್ತಾನೆ. ಬೇಯಿಸ್ತಾನೆ ಅನ್ನೋದೂ ದೊಡ್ಡ ಮಾತು.

ಹೆಂಡತಿ: ಬಾಲ್ಕನಿ ಫೋಟೋ ಇದೆ, ನೋಡಿ ಸಾರ್. ಇವರೇ ನಿಂತಿದ್ದಾರೆ.

ಗಂಡ: ಅದು ಇಂಜಿನಿಯರ್ ಮನೆ. ಸೋಫಾ ಹೊತ್ತು ಹಾಕೋಕೆ ಹೋಗಿದ್ದೆ.

ಆಡಿಟರ್: ಹಾಗಾದ್ರೆ ನಿಮ್ಮದು?

ಗಂಡ: ಒಂದು ಕೋಣೆ. ಎಂಟು ಜನ. ನನ್ನದು ಮೇಲಿನ ಮಂಚ.

ಹೆಂಡತಿ ಫೋನನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು.

ಹೆಂಡತಿ: ಮುಂದಿನ ತಿಂಗಳು ನಾವೂ ಬರ್ತೀವಿ ಅಂದಾಗ ಹೂಂ ಅಂದ್ರಿ. ನಾನು ಕೆಲಸ ಬಿಟ್ಟಾಯ್ತು, ಮಕ್ಕಳನ್ನ ಶಾಲೆ ಬಿಡಿಸಾಯ್ತು. ನಮ್ಮನ್ನ ಎಲ್ಲಿ ಮಲಗಿಸೋರಿದ್ರಿ?

ಗಂಡ: ಹೇಳ್ಬೇಕು ಅಂತಲೇ ಇದ್ದೆ.

ಹೆಂಡತಿ: ಯಾವಾಗ, ವಿಮಾನ ಇಳಿದ ಮೇಲಾ?

ಆಡಿಟರ್: ಬೇಜಾರು ಮಾಡ್ಕೋಬೇಡಿ ತಾಯಿ. ಒಂದು ಮಂಚಕ್ಕೆ ತೆರಿಗೆ ಹೆಚ್ಚೇನೂ ಬರಲ್ಲ.

ಹೆಂಡತಿ: ಮಂಚ ಹೊಡೆದುಹಾಕಿ. ಮೂರು ಕೋಣೆ, ಬಾಲ್ಕನಿ ಅಂತಲೇ ಬರೀರಿ.

ಗಂಡ: ಇಲ್ಲದ ಮನೆಗೆ ಯಾರಾದ್ರೂ ತೆರಿಗೆ ಕಟ್ತಾರೇನೇ?

ಹೆಂಡತಿ: ನೀವು ಕಟ್ತೀರಿ. ಆ ರಸೀದಿ ಹಿಡ್ಕೊಂಡು ನಾನೇ ನಿಮ್ಮ ಕಂಪನಿಗೆ ಹೋಗ್ತೀನಿ. ತೆರಿಗೆ ಕಟ್ಟಿ ಆಗಿದೆ, ಬೀಗದಕೈ ಕೊಡಿ ಅಂತ ಕೇಳ್ತೀನಿ.