ಹೊಸ್ತಿಲ ಸೈರನ್ನಿಗೆ ನಮ್ಮನ್ನು ಗುರುತಿಸಲು ಬಾರದಿರುವ ಬಗ್ಗೆ

ಇಂದ:
ಮುತ್ತುರಾಜ್, ಪ್ರಥಮ ದರ್ಜೆ ಸಹಾಯಕ,
ಹಾಲಿ ವಾಸ: ತಮ್ಮ ಮನೆಯ ಮಹಡಿ, ಮಧುಗಿರಿ.

ಗೆ:
ಶ್ರೀ ರೇಣುಕಯ್ಯನವರು,
ನಿವೃತ್ತ ವ್ಯವಸ್ಥಾಪಕರು, ಮನೆಯ ಮಾಲೀಕರು ಹಾಗೂ ಸದರಿ ಮನೆಯ ಸ್ವಯಂಚಾಲನಾ ಯೋಜನೆಯ ಅಧ್ಯಕ್ಷರು,
ಅದೇ ಮನೆಯ ಕೆಳಭಾಗ, ಮಧುಗಿರಿ.

ವಿಷಯ: ನನಗೂ ನನ್ನ ಪತ್ನಿಗೂ ವಿತರಿಸಲಾದ ಟ್ಯಾಗ್‌ಗಳನ್ನು ಧರಿಸುವುದರಿಂದ ವಿನಾಯಿತಿ ಕೋರಿ.

ಉಲ್ಲೇಖ: 1) ಕಳೆದ ಭಾನುವಾರ ಮೆಟ್ಟಿಲ ಮೇಲೆ ತಾವು ನೀಡಿದ ಮೌಖಿಕ ಸೂಚನೆ.
2) ಇಂದು ಬೆಳಿಗ್ಗೆ ನಮ್ಮ ಅಡಿಗೆಮನೆಯಲ್ಲಿ ತಮ್ಮ ಧರ್ಮಪತ್ನಿ ಕರಿಬಸಮ್ಮನವರು ನೀಡಿದ ಮೌಖಿಕ ಆದೇಶ.

ಮಾನ್ಯರೇ,

ಬಾಯಲ್ಲಿ ಹೇಳಬಹುದಾದ ಸಂಗತಿಯನ್ನು ಲಿಖಿತವಾಗಿ ಸಲ್ಲಿಸುತ್ತಿರುವುದಕ್ಕೆ ಕಾರಣ ಇಷ್ಟೇ. ನಾನು ಬಾಯಿ ತೆರೆಯುವ ಮೊದಲೇ ತಾವು "ಬೇಜಾರ್ ಮಾಡ್ಕಬೇಡಿ" ಎಂದು ಹೇಳಿಬಿಡುವುದರಿಂದ ನನ್ನ ಬೇಸರಕ್ಕೆ ಸರದಿಯೇ ಬರುತ್ತಿಲ್ಲ. ಆದ್ದರಿಂದ ಈ ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

1. ಪಾವಗಡದ ಕಡೆಯವನಾದ ನಾನು ಇಲ್ಲಿಗೆ ವರ್ಗವಾಗಿ ಬಂದು ತಮ್ಮ ಮಹಡಿಯನ್ನು ಬಾಡಿಗೆಗೆ ಕೇಳಿದಾಗ ತಾವು ನಮ್ಮ ಜಾತಿ ಕೇಳಲಿಲ್ಲ. ಇದನ್ನು ದಾಖಲಿಸುವುದು ನನ್ನ ಕರ್ತವ್ಯ. ತಂದೆಯ ಹೆಸರು ಕೇಳಿದಿರಿ, ಕದಿರಯ್ಯ ಎಂದೆ. ಊರಲ್ಲಿ ಮನೆ ಯಾವ ಬೀದಿ ಎಂದಿರಿ, ಬೀದಿಗಳೆಲ್ಲ ಮುಗಿದ ಮೇಲೆ ಬರುವ ಕೇರಿ ಎಂದೆ. ತಾವು ಸ್ವಲ್ಪ ಹೊತ್ತು ಎದುರಿನ ಕರೆಂಟ್ ಕಂಬವನ್ನು ನೋಡಿ, "ಸಂತೋಷ" ಎಂದು ಬೀಗದ ಕೈಯನ್ನು ಕಾಂಪೌಂಡ್ ಗೋಡೆಯ ಮೇಲೆ ಇಟ್ಟಿರಿ. ನಾನು ಎತ್ತಿಕೊಂಡೆ.

2. ನಿವೃತ್ತಿಯ ನಂತರ ತಾವು ಮೊಬೈಲಿನಲ್ಲಿ ವಿಡಿಯೋ ನೋಡುತ್ತ, ತಾನೇ ದೀಪ ಹಚ್ಚಿಕೊಳ್ಳುವ, ತಾನೇ ನೀರು ತುಂಬಿಕೊಳ್ಳುವ ಮನೆಯ ಕನಸು ಕಂಡಿರಿ. ನನಗೂ ಡಿಪ್ಲೊಮಾ ಓದುವಾಗಿನಿಂದ ಸರ್ಕ್ಯೂಟುಗಳ ಹುಚ್ಚು. ಹೀಗಾಗಿ ಪ್ರತಿ ಭಾನುವಾರ ನಾವಿಬ್ಬರೂ ಮೆಟ್ಟಿಲ ಮೇಲೆ ಕುಳಿತು ಯೋಜನೆ ತಯಾರಿಸಿದೆವು. ಯಾವ ಕೋಣೆಗೆ ಯಾವ ಸೆನ್ಸರ್, ಮೋಟಾರಿಗೆ ಎಂಥ ರಿಲೇ, ಕರೆಂಟ್ ಹೋದರೆ ಬ್ಯಾಟರಿ ಎಲ್ಲಿ ಎಂದೆಲ್ಲ ಚರ್ಚಿಸಿದೆವು. ತಾವು ನಕ್ಷೆ ಬರೆಯುತ್ತಿದ್ದಿರಿ, ನಾನು ಬೆಸುಗೆ ಹಾಕುತ್ತಿದ್ದೆ. ಕಾಫಿ ಬರುತ್ತಿತ್ತು. ತಮಗೆ ಸ್ಟೀಲ್ ಲೋಟದಲ್ಲಿ, ನನಗೆ ಪೇಪರ್ ಕಪ್ಪಿನಲ್ಲಿ. ಪೇಪರ್ ಕಪ್ಪು ಪರಿಸರಕ್ಕೆ ಒಳ್ಳೆಯದು ಎಂದಿರಿ. ಪರಿಸರದ ಹೊಣೆ ನನ್ನೊಬ್ಬನ ಮೇಲೇ ಯಾಕೆ ಎಂದು ನಾನು ಕೇಳಲಿಲ್ಲ.

ಮನೆಯೊಳಗೆ ತಂತಿ ಎಳೆಯುವ ಹಂತ ಬಂದಾಗ ತಾವು ಸ್ಕ್ರೂಡ್ರೈವರ್ ಹಿಡಿದು ಒಳಗೆ ಹೋದಿರಿ. ನಾನು ಮೆಟ್ಟಿಲ ಮೇಲೆಯೇ ಕುಳಿತು ವಿಡಿಯೋ ಕರೆಯಲ್ಲಿ, ಕೆಂಪು ತಂತಿ ಅಲ್ಲಿಗೆ, ಕಪ್ಪು ಇಲ್ಲಿಗೆ ಎಂದು ನಿರ್ದೇಶನ ನೀಡಿದೆ. ನಮ್ಮ ನಡುವೆ ಇದ್ದದ್ದು ಒಂದು ಬಾಗಿಲು, ಅದೂ ತೆರೆದಿತ್ತು. ತಾವು ಎರಡು ಸಲ ಶಾಕ್ ಹೊಡೆಸಿಕೊಂಡಿರಿ. ಆದರೂ ಒಳಗೆ ಬನ್ನಿ ಎನ್ನಲಿಲ್ಲ. ತಮ್ಮ ಮನೋದಾರ್ಢ್ಯಕ್ಕೆ ಅಭಿನಂದನೆಗಳು.

ಯೋಜನೆ ಯಶಸ್ವಿಯಾಯಿತು. ಮೋಟಾರು, ದೀಪ, ಗ್ಯಾಸ್ ಎಲ್ಲದರ ಸಂದೇಶವೂ ತಮ್ಮ ಮೊಬೈಲಿಗೆ ಬರತೊಡಗಿತು. ಏನಾದರೂ ಕೆಟ್ಟರೆ ಇರಲಿ ಎಂದು ನನ್ನ ಮತ್ತು ನನ್ನ ಪತ್ನಿ ಗಂಗಾಂಬಿಕಾಳ ಮೊಬೈಲಿಗೂ ಬರುವಂತೆ ಜೋಡಿಸಿದೆವು. ಇದಕ್ಕೆ ತಮ್ಮ ಒಪ್ಪಿಗೆ ಇತ್ತು.

3. ಕಳೆದ ತಿಂಗಳು ತಾವು ಮದುವೆಗೆಂದು ಶಿರಾಕ್ಕೆ ಹೋಗಿದ್ದಾಗ ಕೆಳಗಿನ ಅಡಿಗೆಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿತು. ಗ್ಯಾಸ್ ಮಾತ್ರ ಸೋರುತ್ತಲೇ ಇತ್ತು. ನೆಗಡಿಯಿಂದ ಮೂಗು ಕಟ್ಟಿದ್ದ ಕರಿಬಸಮ್ಮನವರು ಹಾಲ್‌ನಲ್ಲಿ ಮಲಗಿಬಿಟ್ಟಿದ್ದರು. ಸೆನ್ಸರ್ ನಮ್ಮೆಲ್ಲರ ಮೊಬೈಲಿನಲ್ಲಿ ಕೂಗಿತು. ಮದುವೆಯ ವಾದ್ಯದ ನಡುವೆ ತಮಗೆ ಕೇಳಿಸಲಿಲ್ಲ, ಕಚೇರಿಯಲ್ಲಿದ್ದ ನನಗೆ ಕೇಳಿಸಿತು. ನಾನು ಫೋನ್ ಮಾಡುವಷ್ಟರಲ್ಲಿ, ತಾನು ಪಾಠ ಹೇಳುವ ಶಾಲೆಗೆ ರಜೆಯಿದ್ದು ಮನೆಯಲ್ಲಿದ್ದ ಗಂಗಾಂಬಿಕಾ ಆಗಲೇ ಕೆಳಗೆ ಓಡಿದ್ದಳು. ರೆಗ್ಯುಲೇಟರ್ ಮುಚ್ಚಿ, ಕಿಟಕಿಗಳನ್ನು ತೆರೆದು, ಅಮ್ಮನವರನ್ನು ಎಬ್ಬಿಸಿ ತೋಳು ಹಿಡಿದು ಹೊರಗೆ ಕೂರಿಸಿದಳು. ವಾಸನೆ ಪೂರ್ತಿ ಹೋದ ಮೇಲೆ ಇಬ್ಬರೂ ಒಳಗೆ ಹೋಗಿ ಕಾಫಿ ಮಾಡಿ ಕುಡಿದರು. ಮಾಡಿದ್ದು ಗಂಗಾಂಬಿಕಾ, ಲೋಟ ಸ್ಟೀಲಿನದು. ಸಕ್ಕರೆ ಜಾಸ್ತಿಯಾಯಿತೆಂದು ಅಮ್ಮನವರು ಆಕ್ಷೇಪಿಸಿದರೆಂದು ತಿಳಿದುಬಂದಿದೆ.

ಆ ದಿನ ಸಂಜೆ ನಾನು ಮನೆ ಸೇರಿದಾಗ ಮೊಬೈಲಿಗೆ ಸಂದೇಶ ಬಂತು: ಟ್ಯಾಂಕಿನ ನೀರು ತಳ ಮುಟ್ಟುತ್ತಿದೆ. ಪೈಪು ಒಡೆದಿರಬೇಕೆಂದು ಗಾಬರಿಯಿಂದ ಕೆಳಗೆ ಬಂದೆ. ಪೈಪು ಸರಿಯಾಗಿತ್ತು. ಶಿರಾದಿಂದ ಮರಳಿದ್ದ ತಾವು ಪಂಚೆ ಎತ್ತಿ ಕಟ್ಟಿ ಅಡಿಗೆಮನೆ ತೊಳೆಯುತ್ತಿದ್ದಿರಿ. ನೀರು ಹಾಲ್ ದಾಟಿ, ಹೊಸ್ತಿಲು ದಾಟಿ ನನ್ನ ಕಾಲಿಗೆ ಬಂತು. "ಗ್ಯಾಸ್ ವಾಸ್ನೆ ಹೋಗ್ಲಿ ಅಂತ" ಎಂದಿರಿ. ಗಾಳಿಯಲ್ಲಿರುವ ಗ್ಯಾಸು ನೆಲ ತೊಳೆದರೆ ಹೋಗುವುದೇ ಎಂಬುದು ನನ್ನ ತಾಂತ್ರಿಕ ಜ್ಞಾನಕ್ಕೆ ಮೀರಿದ್ದು.

ಗಂಗಾಂಬಿಕಾಳಿಗೆ ನಾನು ಏನೂ ಹೇಳಬೇಕಾಗಿರಲಿಲ್ಲ. ಟ್ಯಾಂಕಿನ ಸಂದೇಶ ಅವಳಿಗೂ ಹೋಗಿತ್ತು. ಅವಳು ಮಹಡಿಯ ಕಟ್ಟೆಯ ಬಳಿ ನಿಂತು ಚರಂಡಿಗೆ ಹರಿಯುವ ನೀರನ್ನು ನೋಡುತ್ತಿದ್ದಳು.

4. ತರುವಾಯ ಹೊಸ್ತಿಲಿಗೆ ಒಂದು ಸೈರನ್ ಬೇಕೆಂದಿರಿ. ಕಾರಣ ಕೇಳಿದ್ದಕ್ಕೆ ಕಳ್ಳರ ಕಾಟ ಎಂದಿರಿ. ಕಳ್ಳರ ಮೇಲೆ ನನಗೆ ಅನುಮಾನವಿದ್ದರೂ ಮಾಡಿಕೊಟ್ಟೆ. ಅದು ನಿಷ್ಪಕ್ಷಪಾತವಾಗಿ ಕೆಲಸ ಮಾಡಿತು. ಬಾಳೆಗೊನೆ ಹೊತ್ತು ಬಂದ ತಮ್ಮ ಭಾಮೈದ ನಾಗಲಿಂಗಯ್ಯನವರಿಗೆ ಕೂಗಿತು. ಅವರು ಗೊನೆಯನ್ನು ಕಾಲ ಮೇಲೆ ಹಾಕಿಕೊಂಡರು. ಸೋಮವಾರದ ಪೂಜೆಗೆ ಬಂದ ಅಯ್ಯನವರಿಗೆ ಕೂಗಿತು. ಎಲೆ ಅಡಿಕೆ ಉಗಿಯಲು ತಾವು ಎದ್ದಾಗಲೆಲ್ಲ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕೂಗಿತು. ಬೀದಿಯವರಿಗೆಲ್ಲ ತಮ್ಮ ಉಗುಳಿನ ವೇಳಾಪಟ್ಟಿ ಬಾಯಿಪಾಠವಾಯಿತು.

ಸದರಿ ಯಂತ್ರಕ್ಕೆ ಶಾಖ ತಿಳಿಯುತ್ತದೆ, ಚಲನೆ ತಿಳಿಯುತ್ತದೆ, ಜಾತಿ ತಿಳಿಯುವುದಿಲ್ಲ. ಅದಕ್ಕೆ ತಕ್ಕ ಸೆನ್ಸರ್ ಮಾರುಕಟ್ಟೆಗೆ ಇನ್ನೂ ಬಂದಿಲ್ಲ.

5. ಈ ಕೊರತೆಯನ್ನು ನೀಗಿಸಲು ಭಾನುವಾರ ತಾವು ಎರಡು ಬ್ಲೂಟೂತ್ ಟ್ಯಾಗ್‌ಗಳನ್ನು ತಂದು ಮೆಟ್ಟಿಲ ಮೇಲೆ ಇಟ್ಟಿರಿ. ತಮ್ಮ ಮಾತನ್ನು ಯಥಾವತ್ತಾಗಿ ನಮೂದಿಸುತ್ತಿದ್ದೇನೆ: "ಮುತ್ತುರಾಜ್ ಅವ್ರೇ, ಇವನ್ನ ನೀವಿಬ್ರೂ ಕತ್ತಿಗೆ ಹಾಕ್ಕೊಂಡ್ಬುಡಿ. ಮರ್ತು ಒಳಿಕೆ ಬಂದ್ರೆ ಅದು ನಿಮಗ್ ಮಾತ್ರ ಕೂಗೋ ಅಂಗೆ ಮಾಡಿ. ಬೇರೇರ್ಗೆ ತೊಂದ್ರೆ ಆಗಲ್ಲ. ಬೇಜಾರ್ ಮಾಡ್ಕಬೇಡಿ, ಇದು ಬರೀ ಟೆಕ್ನಾಲಜಿ."

ನಾನು ಟ್ಯಾಗ್‌ಗಳನ್ನು ಮೇಲೆ ತಂದು ಮೇಜಿನ ಮೇಲಿಟ್ಟೆ. ಗಂಗಾಂಬಿಕಾ ಒಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದಳು.

"ನಮ್ ತಾತ ಬೀದೀಲಿ ಹೋಗೋವಾಗ ಅವರೇ ಕೂಗ್ಕೊಂಡು ಹೋಗ್ಬೇಕಿತ್ತಂತೆ" ಎಂದಳು. "ನಮಗೆ ಆ ಕಷ್ಟನೂ ಇಲ್ಲ ಬುಡಿ. ಮಿಷಿನ್ನೇ ಕೂಗ್ತದೆ."

ನಾನು ಮನೆ ಖಾಲಿ ಮಾಡೋಣ ಎಂದೆ. ಮಾಡಬೇಕಾದವರು ನಾವಲ್ಲ ಎಂದು ಅವಳು ಟ್ಯಾಗನ್ನು ಕೆಳಗಿಟ್ಟಳು. ಆದ ಕಾರಣ ಆ ಪ್ರಸ್ತಾವವನ್ನು ಕೈಬಿಡಲಾಗಿದೆ.

6. ಇಂದು ಬೆಳಿಗ್ಗೆ ತಾವು ಚನ್ನರಾಯನದುರ್ಗದ ಗೃಹಪ್ರವೇಶಕ್ಕೆ ಹೊರಟ ಮೇಲೆ ಕರಿಬಸಮ್ಮನವರು ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದರು. ಮಂಡಿನೋವಿನವರಾದ್ದರಿಂದ ನಡುವೆ ಎರಡು ಕಡೆ ಕುಳಿತು ಸುಧಾರಿಸಿಕೊಂಡು ಬಂದರು. ನೇರ ಅಡಿಗೆಮನೆಗೆ ಹೋಗಿ ಗಂಗಾಂಬಿಕಾಳ ಪಕ್ಕ ನೆಲದ ಮೇಲೆ ಕುಳಿತು ಕಾಫಿ ಕೇಳಿದರು. ಮೇಜಿನ ಮೇಲಿದ್ದ ಟ್ಯಾಗ್‌ಗಳು ಏನೆಂದು ವಿಚಾರಿಸಿದರು. ಹೇಳಿದೆ. ಕುಡಿಯುತ್ತಿದ್ದ ಲೋಟ ಕೆಳಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ನನ್ ಜೀವ ಉಳಿಸಿದೋಳ ಹೆಜ್ಜೇನ ನೆಲದ್ ಮ್ಯಾಗಿಂದ ತೊಳ್ದಾಕಿದ್ರಲ್ಲಪ್ಪ ಇವ್ರು. ನಾನು ಬಾಯಿ ಮುಚ್ಕೊಂಡ್ ನೋಡ್ತಾ ಇದ್ದೆ" ಎಂದರು. "ಆ ಮಿಷಿನ್ನ ಉಲ್ಟಾ ಮಾಡಕ್ಕೆ ಬತ್ತದಾ?"

ಬರುತ್ತದೆ ಎಂದು ವರದಿ ಮಾಡಿದೆ.

"ಮಾಡು ಅಂಗಾರೆ. ನಮ್ಮೆಜಮಾನ್ರೂ ಒಂದ್ ದಿನ ಹಾಕ್ಕೊಂಡು ನೋಡ್ಲಿ."

ಮನೆಯ ಒಡತಿಯ ಸ್ಪಷ್ಟ ಆದೇಶವಾದ ಕಾರಣ, ಹಾಗೂ ಆದೇಶ ಪಾಲಿಸುವುದು ನನ್ನ ವೃತ್ತಿಯಾದ ಕಾರಣ, ತಕ್ಷಣ ಕ್ರಮ ಕೈಗೊಳ್ಳಲಾಗಿದೆ. ಈ ಬಾರಿ ಅಮ್ಮನವರೇ ನನ್ನನ್ನು ಕೆಳಗಿನ ಮನೆಯೊಳಗೆ ಕರೆದೊಯ್ದು, ಯಂತ್ರದ ಪಕ್ಕ ಕುರ್ಚಿ ಹಾಕಿಕೊಟ್ಟರು. ಇನ್ನು ಮುಂದೆ ಟ್ಯಾಗ್ ಇದ್ದವರು ದಾಟಿದರೆ ಸೈರನ್ ಸುಮ್ಮನಿರುತ್ತದೆ, ಇಲ್ಲದವರು ಯಾರೇ ದಾಟಲಿ, ಬೀದಿಯ ಕೊನೆಯವರೆಗೆ ಕೂಗುತ್ತದೆ. ಆಫ್ ಮಾಡುವ ಗುಪ್ತ ಸಂಖ್ಯೆ ಅಮ್ಮನವರ ಬಳಿ ಇದೆ. ಅದನ್ನು ಯಾರಿಗೂ ಕೊಡುವುದಿಲ್ಲವೆಂದು ಅವರು ತಿಳಿಸಿದ್ದಾರೆ.

ಆದ್ದರಿಂದ, ಟ್ಯಾಗ್ ಧರಿಸುವುದರಿಂದ ನಮ್ಮಿಬ್ಬರಿಗೂ ಕಾಯಂ ವಿನಾಯಿತಿ ನೀಡಿ, ನಮ್ಮ ಪಾಲಿನ ಸದರಿ ಸೌಲಭ್ಯವನ್ನು ತಾವೇ ಉಪಯೋಗಿಸಿಕೊಳ್ಳಬೇಕೆಂದು ಕೋರುತ್ತೇನೆ.

ತಮ್ಮ ತಲೆಯ ಮೇಲೆಯೇ ವಾಸವಿರುವ ವಿಶ್ವಾಸಿ,
ಮುತ್ತುರಾಜ್

ಲಗತ್ತು: ಟ್ಯಾಗ್, ಒಂದು, ಕೊರಳ ದಾರ ಸಹಿತ. (ಇನ್ನೊಂದನ್ನು ಕರಿಬಸಮ್ಮನವರು ತಮ್ಮ ಬೀಗದ ಕೈ ಗೊಂಚಲಿಗೆ ಸಿಕ್ಕಿಸಿಕೊಂಡಿದ್ದಾರೆ.)

ವಿ.ಸೂ.: ಈ ಅರ್ಜಿಯನ್ನು ಮುಂಬಾಗಿಲ ಚಿಲಕಕ್ಕೆ ಸಿಕ್ಕಿಸಿರುವುದರಿಂದ ತಾವು ಇದನ್ನು ಹೊರಗೆ ನಿಂತೇ ಓದುತ್ತಿರುತ್ತೀರಿ. ಎದುರುಮನೆಯವರು ಜಗಲಿಯ ಮೇಲೆ ಕುಳಿತಿರುವ ಹೊತ್ತು. ಟ್ಯಾಗನ್ನು ಕೊರಳಿಗೆ ಹಾಕಿಕೊಂಡೇ ಒಳಗೆ ಕಾಲಿಡಬೇಕಾಗಿ ವಿನಂತಿ.